ಜಳಕೋಟಕ್ಕೆ ಹೋದ ಬ್ಯಾಟರಿ

ನಾನಾಗ ಗಡಿಯ ಊರು ಔರಾದ ಶಹಾಜನಿಯಿಂದ ನಿಲಂಗಾ ರಸ್ತೆಯ ಒಂದು ಹಳ್ಳಿಗೆ ಶಾಲೆ ಕಲಿಸಲು ಹೋಗುತ್ತಿದ್ದೆ. ಓಡಾಟಕ್ಕೆ ಹೊಸ ಎಲೆಕ್ಟ್ರಿಕ್ ಗಾಡಿ. ಒಮ್ಮೆ ಬ್ಯಾಟರಿಯ ಪ್ಲಗ್ ಸಡಿಲಾಯಿತೆಂದು ನಮ್ಮ ಮನೆಯವರು ಅದನ್ನು ಬಿಚ್ಚಿ, ಗಾಡಿ ಕೊಂಡ ಉದಗೀರದ ಅಂಗಡಿಯಲ್ಲಿ ರಿಪೇರಿ ಮಾಡಿಸಿ ತಂದರು. ಅಂದಿನಿಂದ ಗಾಡಿಯ ನಡೆಯೇ ಬದಲಾಯಿತು. ಮೀಟರಿನಲ್ಲಿ ಅರ್ಧ ಚಾರ್ಜ್ ಕಾಣುತ್ತಿರುವಾಗಲೇ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು.

ಎದುರುಗಾಳಿಗೆ ಹಾಗಾಗುತ್ತದೆ ಅಂದರು ಇವರು. ನನಗೆ ಇವರ ಮೇಲೆಯೇ ಅನುಮಾನ. ರವಿವಾರ ಗಾಡಿ ಎಲ್ಲೆಲ್ಲಿ ಓಡಿಸುತ್ತಾರೋ ಎಂದು ಕಿಲೋಮೀಟರ್ ನೋಡಿಟ್ಟುಕೊಂಡೆ. ಏನೂ ಸಿಗಲಿಲ್ಲ.

ಹಿಂದೆ ನಮ್ಮ ಸೀಮೆಯ ಮನೆಗಳನ್ನು ಕೆಡವಿದ ಭೂಕಂಪ ಕಂಡ ಮೇಲೆ ನಮ್ಮ ಮಾವ ಯಾವುದನ್ನೂ ಮುಟ್ಟಿ ನೋಡದೆ ನಂಬುವವರಲ್ಲ. ಗೋಡೆಯ ಕೂದಲೆಳೆ ಬಿರುಕಿನ ಮೇಲೂ ಬೆರಳಾಡಿಸುತ್ತಿದ್ದರು. ಒಂದು ಸಂಜೆ ಬ್ಯಾಟರಿಯನ್ನು ಹೊರಳಿಸಿ ನೋಡಿದರು.

“ಇದು ನಮ್ದಲ್ಲವ್ವ. ಗಾಡಿ ಪೂಜಿ ದಿನ ಬ್ಯಾಟರಿ ಹಿಡಿಕಿ ಒಳಗ ನಾನೇ ವಿಭೂತಿ ಹಚ್ಚಿನಿ. ಇದರಾಗ ಗುರ್ತೇ ಇಲ್ಲ.”

ಇವರೂ ನಾನೂ ಉದಗೀರಕ್ಕೆ ಹೋದೆವು. ಒರೆಸಿದಾಗ ಹೋಗಿರಬೇಕು ಎಂದು ಅಂಗಡಿಯವನು ನಕ್ಕ. ನಾವು ಕದಲಲಿಲ್ಲ. ಕೊನೆಗೆ ಮೀಟರ್ ಹಚ್ಚಿ ನೋಡಿದ. ಒಳಗಿನ ಸೆಲ್ಲುಗಳ ಒಂದು ಸಾಲು ಸೋತಿದೆ, ಒಂದು ಸಾಲು ಬರಿದಾದರೆ ಉಳಿದವುಗಳಲ್ಲಿ ಎಷ್ಟಿದ್ದರೂ ಇಡೀ ಬ್ಯಾಟರಿ ತಾನೇ ಬಂದ್ ಆಗುತ್ತದೆ ಎಂದ. ಹೊಸ ಬ್ಯಾಟರಿ ಇಷ್ಟು ಬೇಗ ಹೀಗಾಗಬಾರದು ಎನ್ನುವಾಗ ಅವನ ದನಿ ಇಳಿಯಿತು. ಅದೇ ವಾರ ಜಳಕೋಟದವರೊಬ್ಬರ ಬ್ಯಾಟರಿಯೂ ಬಂದಿತ್ತಂತೆ. ಅದಲುಬದಲಾಗಿರಬಹುದಂತೆ.

ಅವನನ್ನು ಕರೆದುಕೊಂಡೇ ಜಳಕೋಟಕ್ಕೆ ಹೋದೆವು. ಬಾಗಿಲು ತೆರೆದ ಹೆಣ್ಣುಮಗಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮರಾಠಿಯಲ್ಲಿ ಶುರುಮಾಡಿ, ನಮ್ಮ ಮಾತು ಕೇಳಿ ಕನ್ನಡಕ್ಕೆ ಬಂದಳು. ಒಳಗೆ ಮಾತ್ರ ಕರೆಯಲಿಲ್ಲ.

“ನಂದು ಈಗ ಛಲೋ ನಡದದರಿ. ನಿಮ್ಮ ಕೆಟ್ಟಿದ್ದು ನನಗ ಕಟ್ಟಾಕ ಬಂದೀರೇನು?”

ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ವಿಭೂತಿಯ ವಿಷಯ ಹೇಳಿದೆ. ಬ್ಯಾಟರಿ ತಂದವಳು ಅದನ್ನು ನಮ್ಮ ಕೈಗೆ ಕೊಡದೆ ಹಿಡಿಕೆಯ ಒಳಗೆ ತಾನೇ ಬೆರಳು ತೂರಿಸಿದಳು. ಬೆರಳ ತುದಿ ಬೆಳ್ಳಗಾಯಿತು. ಆದರೂ ಬಿಟ್ಟುಕೊಡಲಿಲ್ಲ, ತನ್ನದರ ಸೋತ ಸಾಲು ಬದಲಾಗುವ ತನಕ ಇದು ತನ್ನಲ್ಲೇ ಇರಲಿ ಅಂದಳು. ಅಂಗಡಿಯವನು ಒಪ್ಪಲೇಬೇಕಾಯಿತು. ನಾನು ಆ ವಾರವೆಲ್ಲ ಬಸ್ಸಿಗೆ ಹೋದೆ.

ರಿಪೇರಿಯ ದಿನ ನಾನೂ ಅವಳೂ ಅಂಗಡಿಯಲ್ಲಿ ಅಕ್ಕಪಕ್ಕ ಕೂತು ಅವನ ಕೈಯನ್ನೇ ಕಾದೆವು. ಚಹಾ ತರಿಸಿದ. ಕುಡಿಯುವಾಗಲೂ ಇಬ್ಬರೂ ಕಣ್ಣು ತೆಗೆಯಲಿಲ್ಲ. ಅವಳು ನನ್ನತ್ತ ವಾಲಿ, ಬ್ಯಾಟರಿ ಬದಲಾದದ್ದು ಮೊದಲೇ ಅವನಿಗೆ ಗೊತ್ತಿತ್ತೇನೋ ಎಂದು ಮೆಲ್ಲಗೆ ಕೇಳಿದಳು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಮರೆತು ಆದದ್ದೋ ಬೇಕಂತಲೇ ಮಾಡಿದ್ದೋ, ಇವತ್ತಿಗೂ ಗೊತ್ತಾಗಿಲ್ಲ.

ನಮ್ಮ ಬ್ಯಾಟರಿ ಮರಳಿ ಬಂದ ಮೇಲೆ ಗಾಡಿ ಮೊದಲಿನ ಹಾಗೆ ಓಡತೊಡಗಿತು. ನನಗೆ ಮಾತ್ರ ಮೀಟರಿನ ಮೇಲಿನ ನಂಬಿಕೆ ಮರಳಲಿಲ್ಲ. ಚಾರ್ಜ್ ಅರ್ಧಕ್ಕಿಳಿದರೆ ಸಾಕು, ಈಗಲೂ ಮುಂದಿನ ಊರು ಎಷ್ಟು ದೂರವಿದೆ ಎಂದು ನೋಡುತ್ತೇನೆ.