ಆ ಗೋಡೆಗೆ ಬಣ್ಣ ಬಳಿಯಬೇಡಿ

ನಿಮ್ಮ ಮನೆಯ ಗೋಡೆಗೆ ನೀವು ಬಣ್ಣ ಬಳಿಯಬಾರದು ಅಂತ ಯಾರಾದರೂ ಬಂದು ಹೇಳಿದ್ದಾರಾ? ನಾನು ಒಬ್ಬರಿಗೆ ಹೇಳಿ ಬಂದಿದ್ದೇನೆ. ಅದೂ ಮಗಳ ಮದುವೆ ಮಾತುಕತೆಯಲ್ಲಿರುವ ತಂದೆಗೆ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಶುರುವಾಗಿದ್ದು ಕಳೆದ ಮಳೆಗಾಲದಲ್ಲಿ. ಬೆಳಗಾವಿಯ ನಮ್ಮ ಓಣಿಯ ಹಿಂದೆಯೇ ಒಂದು ನಾಲಾ ಇದೆ. ಅದಕ್ಕೆ ತಡೆಗೋಡೆ ಕಟ್ಟಿದ ಗುತ್ತಿಗೆದಾರ ಪುಣ್ಯಾತ್ಮ ಅದನ್ನು ನಾಲಾದ ದಂಡೆಗೆ ಕಟ್ಟುವ ಬದಲು ನಾಲಾದ ಒಳಗೇ ಕಟ್ಟಿದ್ದ. ನೀರಿಗೆ ಹೋಗಲು ದಾರಿ ಸಾಲಲಿಲ್ಲ, ನಮ್ಮ ಮನೆಗಳಿಗೆ ಬಂತು. ಎದೆಮಟ್ಟ ನೀರು. ನಮ್ಮ ಫ್ರಿಜ್ ಅಡುಗೆಮನೆಯಿಂದ ಹಾಲ್‌ಗೆ ತಾನೇ ನಡೆದು ಬಂತು. ಬಾಜೂ ಮನೆಯ ರಫೀಕ್ ಭಾಯ್ ಗಾದಿ ಹೊಲಿಯುವವರು. ಅವರ ಹತ್ತಿಯೆಲ್ಲ ನೀರು ಕುಡಿದು ಕೊಳೆತುಹೋಯಿತು. ರಸ್ತೆ ಕಿತ್ತುಹೋಯಿತು, ಕಿರುಸೇತುವೆ ಕುಸಿಯಿತು.

ಪಾಲಿಕೆಯವರು ಗುತ್ತಿಗೆದಾರನ ಮೇಲೆ ಕೇಸು ಹಾಕಿದರು. ಊರಿಗಾದ ನಷ್ಟ ತುಂಬಿಕೊಡು ಅಂತ. ಓಣಿಯೆಲ್ಲ ಚಪ್ಪಾಳೆ! ದೊಡ್ಡ ವಕೀಲರು ಬಂದರು. ದೊಡ್ಡ ವಕೀಲರ ಫೀ ಸಣ್ಣದಿರುತ್ತದೆಯೇ? ಅದು ಹೋಗುವುದು ನಾವು ಕಟ್ಟುವ ತೆರಿಗೆಯಿಂದ. (ಮುಳುಗಿದವರೂ ನಾವೇ, ಮುಳುಗಿಸಿದವನನ್ನು ಹಿಡಿಯಲು ಖರ್ಚು ಕೊಡುವವರೂ ನಾವೇ.) ಗುತ್ತಿಗೆದಾರನ ಕಡೆಯ ವಕೀಲರ ಫೀ? ಅದು ಆ ತಡೆಗೋಡೆ ಕಟ್ಟಿದ ಬಿಲ್ಲಿನಿಂದ. ಅದೂ ನಮ್ಮದೇ.

ಒಂದು ದಿನ ನಮ್ಮ ಕಡೆಯ ಜೂನಿಯರ್ ವಕೀಲೆ ಓಣಿಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ನೀರು ಪಾದ ಮುಳಗೂವಷ್ಟ ಬಂದಿತ್ತು ಅಂತ ಆ ಕಡಿಯವರು ವಾದಾ ಮಾಡ್ಯಾರ್ರಿ. ಗೋಡಿ ಮ್ಯಾಲ ನೀರಿನ ಗುರುತು ಇರ್ತೈತೆಲ್ಲ, ತೋರಸ್ರಿ. ಕೋರ್ಟಿಂದ ಕಮಿಷನರ್ ಬಂದು ಅಳತಿ ತಗೋತಾರ."

ಫೋಟೋ ಇವೆ ಅಂದೆವು. ವಾಟ್ಸಾಪ್ ಫೋಟೋ ಯಾವ ಊರಿನದಾದರೂ ಆಗಬಹುದು ಅಂತ ಆ ಕಡೆಯವರು ಆಗಲೇ ತಕರಾರು ತೆಗೆದಿದ್ದರಂತೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಏಕೆಂದರೆ ನೀರು ಇಳಿದ ಬೆನ್ನಿಗೇ ಗಣಪತಿ ಬಂದಿದ್ದ. ಬೆಳಗಾವಿಯಲ್ಲಿ ಗಣಪತಿ ಅಂದರೆ ನಿಮಗೆ ಗೊತ್ತಲ್ಲ? ಕೆಸರು ಹತ್ತಿದ ಗೋಡೆಯ ಮುಂದೆ ಅವನನ್ನು ಕೂರಿಸಲು ಯಾರಿಗೆ ಮನಸ್ಸು ಬರುತ್ತದೆ? ಬ್ರಷ್ ಹಿಡಿದು ತಿಕ್ಕಿದೆವು, ತೊಳೆದೆವು, ಎರಡೆರಡು ಕೋಟ್ ಬಳಿದೆವು. ನಮ್ಮನೆಗೆ ಪಿಸ್ತಾ ಬಣ್ಣ. ಗಣಪತಿ ಮಂಡಳಿಯ ಹುಡುಗರು ಉತ್ಸಾಹ ತಡೆಯದೆ ಓಣಿಯ ಕಾಂಪೌಂಡಿಗೂ ಬಳಿದುಬಿಟ್ಟರು. ಸಾಕ್ಷಿಯನ್ನು ನಾವೇ ಭಕ್ತಿಯಿಂದ ಅಳಿಸಿದ್ದೆವು.

"ಎಲ್ಲಾರೂ ಬಳದೀರೇನ್ರಿ?" ಆಕೆಗೆ ಅಳು ಬರುವುದೊಂದು ಬಾಕಿ.

ಎಲ್ಲರೂ ಅಲ್ಲ. ರಫೀಕ್ ಭಾಯ್ ಬಳಿದಿರಲಿಲ್ಲ. ಅವರು ಬಣ್ಣ ಬಳಿಯುವುದು ರಮ್ಜಾನ್ ಹಬ್ಬಕ್ಕೆ. ಅವರ ಪಡಸಾಲೆಯ ಗೋಡೆಯ ಮೇಲೆ ಕಂದು ಗೆರೆ ಈ ತುದಿಯಿಂದ ಆ ತುದಿಯವರೆಗೆ ಹಾಗೇ ಇತ್ತು. ವಕೀಲೆ ಆ ಗೋಡೆಗೆ ಇನ್ನೇನು ಕೈಮುಗಿದೇ ಬಿಡುತ್ತಿದ್ದಳು. "ಕಮಿಷನರ್ ಬರೂತನಕ ಇದನ್ನ ಮುಟ್ಟಬ್ಯಾಡ್ರಿ ಭಾಯ್." ರಫೀಕ್ ಭಾಯ್ ಹೂಂ ಅಂದರು.

ಕಮಿಷನರ್ ಬರಲಿಲ್ಲ. ಒಮ್ಮೆ ಆ ಕಡೆಯವರು ಕಾಲಾವಕಾಶ ಕೇಳಿದರು, ಒಮ್ಮೆ ನಮ್ಮ ಕಡೆಯ ದೊಡ್ಡ ವಕೀಲರಿಗೇ ಪುರುಸೊತ್ತಿರಲಿಲ್ಲ. ಮುಂದೂಡಿದ ದಿನಕ್ಕೂ ಫೀ ಇದೆ, ಅದು ಬೇರೆ ಮಾತು. ರಮ್ಜಾನ್ ಬಂತು. ಮನೆಮಂದಿಯೆಲ್ಲ ಹೊಸ ಬಟ್ಟೆ ಹಾಕಿಕೊಂಡರು, ಗೋಡೆ ಹಾಗೇ ಉಳಿಯಿತು. ನಾನು ಅದರ ಮುಂದೆಯೇ ಕೂತು ಹಬ್ಬದ ಶ್ಯಾವಿಗೆ ಪಾಯಸ, ಸುರಕುಂಬಾ, ಕುಡಿದು ಬಂದೆ. ಆಗೇನೂ ಅನ್ನಿಸಲಿಲ್ಲ.

ಆಮೇಲೆ ರಫೀಕ್ ಭಾಯ್ ಮಗಳು ಶಬಾನಾಳನ್ನು ನೋಡಲು ಖಾನಾಪುರದಿಂದ ಜನ ಬಂದರು. ಶಬಾನಾ ನರ್ಸರಿ ಶಾಲೆಯಲ್ಲಿ ಟೀಚರ್. ಮಾತಿನಲ್ಲಿ ಚುರುಕು.

"ಆಂಟಿ, ನನ್ನ ನೋಡಾಕ ಬಂದವರು ಗೋಡಿ ನೋಡಿಕೋಂತ ಹೋದ್ರು," ಅಂದಳು. ನಕ್ಕಳು. ನಗು ಮುಗಿಯುವ ಮೊದಲೇ ಒಳಗೆ ಹೋದಳು.

ಆ ಗುರುತಿನ ಕತೆ ಕೇಳಿಕೊಂಡು ಹೋದವರು, ಕೇಸು ಮುಗಿಯಲಿ, ಆಮೇಲೆ ಮಾತಾಡೋಣ ಅಂತ ಖಾನಾಪುರದಿಂದ ಹೇಳಿಕಳಿಸಿದರು. "ನೀವು ಪೇಪರಿನ್ಯಾಗ ಬರಿಯೋರು. ನಿಮ್ಮ ಮಾತು ಕೇಳ್ತಾರ, ಬರ್ರಿ," ಅಂತ ರಫೀಕ್ ಭಾಯ್ ನನ್ನನ್ನು ಹೊರಡಿಸಿದರು. (ನನ್ನ ಮಾತು ನಮ್ಮನೆಯಲ್ಲೇ ಯಾರೂ ಕೇಳುವುದಿಲ್ಲ.) ಕಳೆದ ಭಾನುವಾರ ಸಿಹಿಗೆಂದು ಬೆಳಗಾವಿ ಕುಂದಾದ ಡಬ್ಬಿ ಹಿಡಿದು ಹೋದೆವು. ನಾಲಾದ ಗೋಡೆ ಒಡೆದು ಹಾಕಿದ್ದಾರೆ, ಇನ್ನು ನೀರು ಬರುವುದಿಲ್ಲ ಅಂತ ನಾನು ದೊಡ್ಡ ಭಾಷಣ ಮಾಡಿದೆ. ಹುಡುಗನ ತಾಯಿ ಕೇಳುವಷ್ಟು ಕೇಳಿ ನಕ್ಕುಬಿಟ್ಟರು.

"ಖಾನಾಪುರದಾಕಿಗೆ ನೀರಿನ ಅಂಜಿಕಿ ಏನ್ರಿ? ಜಾಂಬೋಟಿ ಕಡಿ ಮಳಿ ಹೊಡದ್ರ ನಮ್ಮ ನದಿ ಬಾಗಲಕ್ಕ ಬರ್ತೈತಿ. ಬರ್ತೈತಿ, ಹೋಗ್ತೈತಿ. ನನಗ ಅಂಜಿಕಿ ಕೇಸಿಂದು. ನಮ್ಮ ಮಾವ ಒಂದು ಹೊಲದ ಕೇಸು ಹಾಕಿ ಸತ್ತರು. ಇವರು ಇನ್ನೂ ಕೋರ್ಟಿಗೆ ಅಡ್ಡಾಡಾಕತ್ಯಾರ."

"ಕೇಸು ಪಾಲಿಕೆಯದು. ಭಾಯ್‌ಗೂ ಅದಕ್ಕೂ ಸಂಬಂಧ ಇಲ್ಲ," ಅಂದೆ.

"ಗೋಡಿ ಯಾರದ್ರಿ?"

ನಾನು ಕುಂದಾ ಡಬ್ಬಿಯ ದಾರ ಬಿಚ್ಚತೊಡಗಿದೆ.

ಆಕೆ ಕೆಟ್ಟವರಲ್ಲ. "ಹುಡುಗಿ ನನ್ನ ಮನಸಿಗೆ ಬಂದಾಳ. ಬರೂ ಐತವಾರ ನಮ್ಮ ಹಿರ್ಯಾರು ಬರ್ತಾರ. ಆ ಗುರುತು ಇರಬಾರದು. ಇದ್ರ, ಅವರು ಎದ್ದು ಬರ್ತಾರ. ನನಗ ತಡಿಯಾಕ ಆಗಂಗಿಲ್ಲ," ಅಂದರು.

ಮನೆಗೆ ಬಂದರೆ ಜೂನಿಯರ್ ವಕೀಲೆಯ ಫೋನು. ಮುಂದಿನ ಬುಧವಾರ ಕಮಿಷನರ್ ಬರುತ್ತಾರೆ. "ಈ ಸಲ ಖರೇನ ಬರ್ತಾರ್ರಿ!" ಹೋದ ಸಲವೂ ಖರೇನೇ ಇತ್ತು. ಹಿರಿಯರು ಬರುವ ಭಾನುವಾರಕ್ಕೂ ಅದಾದ ಮೇಲಿನ ಆ ಬುಧವಾರಕ್ಕೂ ನಡುವೆ ಎರಡೇ ದಿನ. ಹಿರಿಯರು ಆಮೇಲೆ ಬೇರೊಂದು ಲಗ್ನಕ್ಕೆ ಹೋಗಬೇಕಂತೆ, ಅವರ ದಿನ ಬದಲಾಗುವುದಿಲ್ಲ. ಗುರುತು ಹೋದರೆ ಕೇಸು ಬಿತ್ತು, ಇಷ್ಟು ದಿನ ಕಟ್ಟಿದ ಫೀ ಮಣ್ಣುಪಾಲು ಅಂತ ಓಣಿಯವರಿಗೆ ಆತಂಕ. ಬಣ್ಣ ಬಳಿಯಬೇಡಿ ಅಂತ ಭಾಯ್‌ಗೆ ನೀವೇ ಒಂದು ಮಾತು ಹೇಳಿ ಅಂತ ನನ್ನನ್ನು ಮುಂದೆ ತಳ್ಳಿದರು. ಹೇಳಿದೆ.

ರಫೀಕ್ ಭಾಯ್ ಗಾದಿಗೆ ಸೂಜಿ ಹಾಕುತ್ತಿದ್ದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅನುಕೂಲವಿತ್ತು.

"ಅಕ್ಕಾರ, ನಿಮ್ಮ ಹಬ್ಬಕ್ಕ ನೀವೆಲ್ಲಾ ಬಳದ್ರಿ. ನಮ್ಮ ಹಬ್ಬಕ್ಕ ಬ್ಯಾಡ ಅಂದ್ರಿ, ಬಿಟ್ಟೆ. ಈಗ ಮಗಳಿಗೂ ಬ್ಯಾಡೇನ್ರಿ?"

ಊರಿನ ಪರ ಒಬ್ಬ ವಕೀಲರಿದ್ದಾರೆ. ಊರು ಮುಳುಗಿಸಿದವನ ಪರವೂ ಇದ್ದಾರೆ. ಶಬಾನಾಳ ಪರ ಯಾರು ನಿಲ್ಲುತ್ತಾರೆ? ನಷ್ಟ ವಸೂಲಿ ಅಂತ ಹೊರಟ ನಾವು, ನಷ್ಟವನ್ನೆಲ್ಲ ಗುಡಿಸಿ ಒಂದೇ ಮನೆಯ ಪಡಸಾಲೆಗೆ ತಂದು ಸುರಿದಿದ್ದೇವೆ. ನನಗೆ ಕೇಸು ಗೆಲ್ಲಬೇಕು. ಆ ಹುಡುಗಿಯ ಮದುವೆಯೂ ಆಗಬೇಕು. ಎರಡನ್ನೂ ಒಂದೇ ಗೋಡೆಯ ಮೇಲೆ ಹೇಗೆ ಕೂರಿಸಲಿ?

ಇವತ್ತು ಶುಕ್ರವಾರ. ಬೆಳಗ್ಗೆ ಶಬಾನಾ ಬಂದಿದ್ದಾಳೆ. "ಆಂಟಿ, ಗಣಪತಿಗೆ ತಂದ ಬಣ್ಣದಾಗ ಅರ್ಧಾ ಡಬ್ಬಿ ಉಳದೈತಿ ಅಂದಿದ್ರೆಲ್ಲ, ಕೊಡ್ತೀರೇನು?" ಅಂದಳು. ಕುಂದರು, ಚಹಾ ಕುಡಿ ಅಂದೆ. ಅಂಕಣ ಮುಗಿಸಿ ಬರ್ತೀನಿ ಅಂತ ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಅಂಕಣ ಮುಗಿಯಿತು, ಅವಳ ಚಹಾನೂ ಮುಗಿದಿರುತ್ತದೆ. ಅಟ್ಟದಿಂದ ಆ ಬಣ್ಣದ ಡಬ್ಬಿ ಕೆಳಗಿಳಿಸಲಾ?