ಆದಿಲಕ್ಷ್ಮಿ ಗುಡಿಸಿದ ರಸ್ತೆ

ಆದಿಲಕ್ಷ್ಮಿಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಈ ಅಂಗಡಿ ಶ್ರೀನಿವಾಸಪ್ಪ ಅವಳ ಪರ ಮಾತಾಡುತ್ತಿದ್ದಾನೆ ಎಂದು ಯಾರೂ ಅಂದುಕೊಳ್ಳಬಾರದು. ಶ್ರೀನಿವಾಸಪುರದಿಂದ ಯಲ್ದೂರಿಗೆ ಹೋಗುವ ರಸ್ತೆಯಲ್ಲಿ, ಪಟ್ಟಣ ಮುಗಿಯಿತು ಅನ್ನುವ ಕಡೆ ನಮ್ಮ ಪಾಳ್ಯವಿದೆ. ಹಿಂದೆ ಹಳ್ಳಿ, ಈಗ ಪುರಸಭೆಯ ವಾರ್ಡು. ಅಲ್ಲಿ ರಸ್ತೆಗೆ ಅಂಟಿಕೊಂಡು ನನ್ನದೊಂದು ಚಿಲ್ಲರೆ ಅಂಗಡಿ. ಮುಂದೆ ಒಂದು ಬೆಂಚು, ಸೋಡಾ ಕ್ರೇಟುಗಳು, ಬಾಳೆಗೊನೆ ನೇತುಹಾಕುವ ಕಂಬ ಇದ್ದವು. ಇದರಿಂದ ನಡೆದು ಹೋಗುವವರು ಲಾರಿಗೆ ಅಡ್ಡ ಇಳಿಯಬೇಕಾಗುತ್ತದೆ ಎಂದು ಪುರಸಭೆಯವರನ್ನು ಕರೆತಂದು ಎಲ್ಲವನ್ನೂ ಎತ್ತಿಸಿದವಳು ಇವಳೇ. ಬೆಂಚಿನ ಮೇಲೆ ಕೂತು ಬೀಡಿ ಸೇದುತ್ತಾ ನನಗೆ ವ್ಯಾಪಾರ ಕೊಡುತ್ತಿದ್ದವರೆಲ್ಲ ಈಗ ಬೇರೆ ಅಂಗಡಿ ನೋಡಿಕೊಂಡಿದ್ದಾರೆ. ನನ್ನ ಹೊಟ್ಟೆಯ ಮೇಲೆ ಹೊಡೆದವಳನ್ನು ನಾನು ಹೇಗೆ ಹೊಗಳಲಿ?

ಮಾಲೂರು ಕಡೆಯ ಲಕ್ಕೂರಿನಿಂದ ಸೊಸೆಯಾಗಿ ಬಂದಾಗ ಅವಳಿಗೆ ಬಾಯಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಮಾವ ಅಷ್ಟರಲ್ಲಿ ತೀರಿಕೊಂಡಿದ್ದ. ಅತ್ತೆ ಚಿಕ್ಕಗಂಗಮ್ಮನ ಮಾತಿಗೆ ಹೂಂ ಅನ್ನುವುದು, ಗಂಡನಿಗೆ ಬುತ್ತಿ ಕಟ್ಟುವುದು, ಇಷ್ಟೇ. ಗಂಡ ಚಂದ್ರಮೋಹನ್ ಮಾವಿನ ಮಂಡಿಯಲ್ಲಿ ತೂಕ ನೋಡುತ್ತಿದ್ದ. ಒಬ್ಬಳೇ ಮಗಳು, ಮೇಘನ. ಅವರ ಮನೆ ನನ್ನ ಅಂಗಡಿಯ ಎದುರಿಗೇ ಇದೆ. ಮನೆಯ ಪಕ್ಕ ದೊಡ್ಡ ಕಾಂಪೌಂಡು, ಒಳಗೆ ಹಿಂದಿನ ಅಂಚಿಗೆ ನಾಲ್ಕಾರು ತೆಂಗಿನ ಸಸಿ, ಉಳಿದದ್ದು ಖಾಲಿ ನೆಲ.

ನಮ್ಮ ಪಾಳ್ಯದಲ್ಲಿ ಕೊಯ್ಲಾದ ಮೇಲೆ ರಾಗಿ ತೆನೆಯನ್ನೂ ಹುರುಳಿ ಗಿಡವನ್ನೂ ಟಾರು ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು, ಲಾರಿ, ಕಾರು ಮೇಲೆ ಹರಿದು ಕಾಳು ಬೇರೆಯಾಗುತ್ತದೆ. ಎತ್ತು ಬೇಡ, ಆಳು ಬೇಡ. ರಸ್ತೆ ಸರ್ಕಾರದ್ದು, ಚಕ್ರ ಯಾರದ್ದೋ, ಕಾಳು ಮಾತ್ರ ನಮ್ಮದು. ಕಾರಿನ ಅಡಿಗೆ ಹುರುಳಿ ಬಳ್ಳಿ ಸುತ್ತಿಕೊಂಡು ಹೊಗೆ ಎದ್ದು, ಒಳಗಿದ್ದವರು ಮಕ್ಕಳನ್ನು ಎಳೆದುಕೊಂಡು ಹೊರಗೆ ಹಾರಿದ್ದನ್ನು ನಾನೇ ನೋಡಿದ್ದೇನೆ. ಡ್ರೈವರುಗಳು ಬೈದುಕೊಂಡು ಹೋಗುತ್ತಾರೆ. ಸೈಕಲ್ಲಿನವರು ಇಳಿದು ತಳ್ಳುತ್ತಾರೆ. ಬೈದವರ ಬಾಯಿ ನೋಯುತ್ತದೆಯೇ ಹೊರತು ನಮ್ಮವರು ಗಿಡ ಎತ್ತುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಚಂದ್ರಮೋಹನ್ ಟಿವಿಎಸ್‌ನಲ್ಲಿ ಮನೆಗೆ ಬರುತ್ತಿದ್ದ. ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ ಹುರುಳಿಯ ಮೇಲೆ ಹತ್ತಿಸಿದ. ಕೆಳಗೆ ಉದುರಿದ್ದ ಕಾಳಿನ ಮೇಲೆ ಚಕ್ರ ಜಾರಿತು, ಸೊಂಟದ ಮೂಳೆ ಮುರಿಯಿತು. ಕೋಲಾರದಲ್ಲಿ ಆಪರೇಷನ್ ಆಯಿತು. ಊರುಗೋಲು ಬಂತು, ಮಾವಿನ ಮಂಡಿಯ ಕೆಲಸ ಹೋಯಿತು. ಆ ಹುರುಳಿ ಅವನ ಸ್ವಂತ ದೊಡ್ಡಪ್ಪ ಚನ್ನರಾಯಪ್ಪನದು. ಆಸ್ಪತ್ರೆಗೆ ಬಂದ ದೊಡ್ಡಪ್ಪ, "ನೋಡ್ಕೊಂಡು ಬರ್ಬೇಕಾಗಿತ್ತು ಕಣೋ" ಅಂದು ಎದ್ದು ಹೋದ. ತಪ್ಪಾಯಿತು ಅನ್ನಲಿಲ್ಲ. ಅಂದಿನಿಂದ ಆದಿಲಕ್ಷ್ಮಿ ಮನೆಯಲ್ಲಿ ಹುರುಳಿ ಸಾರು ಮಾಡುವುದನ್ನೇ ಬಿಟ್ಟಳು. ಹುರುಳಿ ಬೇಯದ ಅಡುಗೆಮನೆ ನಮ್ಮ ಪಾಳ್ಯದಲ್ಲಿ ಅದೊಂದೇ.

ಮಗಳು ಮೇಘನ ಅದೇ ರಸ್ತೆಯಲ್ಲಿ ಸೈಕಲ್ ಹೊಡೆದುಕೊಂಡು ಹೈಸ್ಕೂಲಿಗೆ ಹೋಗಬೇಕಾಗಿತ್ತು. ಅಪ್ಪ ಬಿದ್ದ ಮೇಲೆ ಅವಳ ಕಣ್ಣು ಮುಂದಿನ ಚಕ್ರದಿಂದ ಮೇಲಕ್ಕೆ ಏಳಲೇ ಇಲ್ಲ. ಕಾಳು ಇದೆಯೋ ಇಲ್ಲವೋ, ತಲೆ ತಗ್ಗಿಸಿ ನೆಲ ನೋಡಿಕೊಂಡೇ ಹೋಗುವಳು. ಹೀಗೆ ಹೋಗಿ ಒಂದು ದಿನ ನಿಂತಿದ್ದ ಆಟೋಗೆ ಗುದ್ದಿದಳು. ಮೊಣಕೈ ತರಚಿತು, ಅಷ್ಟೇ. ಆದರೆ ಅವಳು ಕಾಲೇಜು ಸೇರಿದ ವರ್ಷ, ಹುರುಳಿ ಕೀಳುವ ಕಾಲಕ್ಕೆ ಸರಿಯಾಗಿ, ಅಜ್ಜಿ ಪಟ್ಟು ಹಿಡಿದು ಕೂತಳು.

"ಮಗ ಮೂಲೆ ಸೇರ್ದ. ಈ ಹುಡುಗೀನೂ ಕೈಕಾಲು ಮುರ್ಕೊಂಡ್ರೆ ಏನು ಗತಿ? ಓದಿದ್ದು ಸಾಕು, ಮನೇಲಿರ್ಲಿ."

ಚಂದ್ರಮೋಹನ್ ಊರುಗೋಲು ಎತ್ತಿಕೊಂಡು ಹೊರಗೆ ಹೋದ. ಆದಿಲಕ್ಷ್ಮಿ ಮಾತಾಡಿದಳು. "ಈ ಸುಗ್ಗಿ ನೋಡಿ ಅತ್ತೆ. ರಸ್ತೆ ಕ್ಲೀನ್ ಮಾಡಿಸ್ತೀನಿ. ಆಗ್ಲಿಲ್ಲ ಅಂದ್ರೆ ನೀವು ಹೇಳ್ದಂಗೇ ಆಗ್ಲಿ."

ಮಗಳ ಓದನ್ನೇ ಪಣಕ್ಕಿಟ್ಟಳು. ಮಾರನೆಯ ದಿನವೇ ಪೊರಕೆ, ಕವೆಗೋಲು ಹಿಡಿದು ರಸ್ತೆಗೆ ಬಂದಳು. ಚನ್ನರಾಯಪ್ಪ ಹರವಿದ್ದನ್ನು ಅಂಚಿಗೆ ತಳ್ಳುವಳು, ಕಾಳು ಗುಡಿಸುವಳು, ಮೇಘನ ಸೈಕಲ್ಲಿನಲ್ಲಿ ದಾಟುವಳು. ಮಗಳು ಆಚೆ ಹೋಗುತ್ತಲೇ ಚನ್ನರಾಯಪ್ಪ ಮತ್ತೆ ಹರವುವನು. ಗಂಡಸರು ಅವಳಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹೆಂಗಸರು ಅಂದದ್ದಂತೂ ಇನ್ನೂ ಕೆಟ್ಟದು. ಅವಳೂ ಬಿಡುತ್ತಿರಲಿಲ್ಲ, ಒಂದಕ್ಕೆ ಎರಡು ಹಚ್ಚಿ ಹಿಂದಕ್ಕೆ ಕೊಡುತ್ತಿದ್ದಳು.

ಪುರಸಭೆಗೆ ಹೋದಳು. ಇಂಜಿನಿಯರು ಬಂದು, ನನ್ನ ಬೆಂಚು ಕ್ರೇಟು ಎತ್ತಿಸಿ, ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಎಂದು ಬೋರ್ಡು ನೆಡಿಸಿ ಹೋದ. ಮೂಲೆ ಮನೆಯ ರಾಮಚಂದ್ರಪ್ಪ ಅದೇ ಬೋರ್ಡಿಗೆ ಹುರುಳಿ ಕಟ್ಟು ಒರಗಿಸಿ ಒಣಗಲು ಬಿಟ್ಟ. ಪೊಲೀಸರಿಗೆ ಹೇಳಿದಳು. ಜೀಪು ಬಂತು, ಹರವಿದ್ದ ಗಿಡದ ಮೇಲೆ ಸಲೀಸಾಗಿ ಓಡಾಡಿ, ಬುದ್ಧಿ ಹೇಳಿ, ಅದರ ಮೇಲೆಯೇ ತಿರುಗಿಸಿಕೊಂಡು ಹೋಯಿತು. ಇನ್ನೊಂದು ಸಲ ಬನ್ನಿ ಸಾರ್, ಈ ಕಡೆ ಇನ್ನೂ ಉದುರಿಲ್ಲ ಎಂದು ನಮ್ಮವರು ಹಿಂದಿನಿಂದ ಕೈ ಬೀಸಿದರು. ನಾನೂ ನಕ್ಕೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು.

ಕೊನೆಗೆ ಒಂದು ಬೆಳಿಗ್ಗೆ ಅವಳು ತಳ್ಳಿದ ರಭಸಕ್ಕೆ ಚನ್ನರಾಯಪ್ಪನ ಹುರುಳಿ ಚರಂಡಿಗೆ ಬಿತ್ತು. ಬೆಳೆದ ಕಾಳು ಕೊಚ್ಚೆಯಲ್ಲಿ ತೇಲುವುದನ್ನು ನೋಡಿದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ? ಮುದುಕ ಕೋಲು ಹಿಡಿದು ಬಂದ. ನನ್ನ ಅಂಗಡಿಯ ಮುಂದೆ ಪಾಳ್ಯವೆಲ್ಲ ಸೇರಿತು.

"ಅನ್ನಕ್ಕೆ ಕಲ್ಲು ಹಾಕ್ತೀಯೇನೇ?" ಅಂದ.

"ನನ್ನ ಅನ್ನಕ್ಕೆ ನೀವು ಯಾವತ್ತೋ ಹಾಕಾಯ್ತು ದೊಡ್ಡಮಾವ."

ಸಿಟ್ಟು ಬಂದರೆ ಅವನಿಗೆ ತೆಲುಗು ಬರುತ್ತದೆ. "ಚಾಲ್ಲೇ, ಪೋಮ್ಮಾ," ಸಾಕು ಹೋಗಮ್ಮ ಎಂದು ಕೋಲಿನಿಂದ ಅವಳ ಮನೆಯ ಕಾಂಪೌಂಡು ತೋರಿಸಿದ. "ರಸ್ತೇಲಿ ಬೇಡ ಅಂತೀಯಲ್ಲ, ಕಣ ಎಲ್ಲೈತೆ? ಅಗೋ ಅಲ್ಲೈತೆ, ಆ ಗೋಡೆ ಒಳಗೆ. ಪಾಳ್ಯ ಎಲ್ಲಾ ಅಲ್ಲೇ ಒಕ್ತಾ ಇದ್ವಿ. ನನ್ನ ತಮ್ಮ, ನಿಮ್ಮಾವ, ಗೋಡೆ ಹಾಕ್ದ. ಅದಕ್ಕೇ ರಸ್ತೆಗೆ ಬಿದ್ವಿ. ನಿನ್ ಗಂಡನ್ನ ಬೀಳ್ಸಿದ್ದು ನನ್ ಹುರುಳಿ ಅಲ್ಲ, ಅವನಪ್ಪನ ಗೋಡೆ."

ಆದಿಲಕ್ಷ್ಮಿ ಕವೆಗೋಲು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ನೋಡಿದಳು. ಮುದುಕ ಹೇಳಿದ್ದು ನಿಜ. ಆ ಜಾಗ ಅವಳ ಮಾವನದೇ, ಆದರೆ ಅವನ ಅಜ್ಜನ ಕಾಲದಿಂದ ಪಾಳ್ಯದ ಕಣವಾಗಿತ್ತು. ಪುರಸಭೆ ಬಂದು ಸೈಟಿನ ಬೆಲೆ ಏರಿದಾಗ ಅವನಿಗೆ ಆಸೆ ಹತ್ತಿತು, ಗೋಡೆ ಎದ್ದಿತು. ಅವಳು ಸೊಸೆಯಾಗಿ ಬಂದದ್ದು ಆಮೇಲೆ. ಹೇಳಬೇಕಾದವರು ಮನೆಯಲ್ಲೇ ಇದ್ದರು, ಹೇಳಲಿಲ್ಲ.

ಅವರ ಮನೆಯ ಜಗಳ ನನ್ನ ಅಂಗಡಿಗೆ ಚೆನ್ನಾಗಿ ಕೇಳುತ್ತದೆ. ಅವಳು ಗಂಡನನ್ನು ಕೇಳಿದಳು. "ಹೌದು" ಅಂದ, ಅಷ್ಟೇ. ಅಷ್ಟು ವರ್ಷ ಕಾಲು ನೀವಿದವಳಿಗೆ ಅವನು ಕೊಟ್ಟ ಉತ್ತರ ಅದು. ಅತ್ತೆ ನಡುವೆ ಬಂದಳು. "ಅದು ಮೇಘನಳ ಮದುವೆಗೆ ಅಂತ ಇಟ್ಟಿರೋ ಜಾಗ. ಅದರ ತಂಟೆಗೆ ಬರ್ಬೇಡ."

"ಮದುವೆಗೆ ಅಂತ ಜಾಗ ಇಟ್ಕೊಂಡು, ಮಗಳನ್ನ ರಸ್ತೇಲಿ ಬೀಳಿಸ್ಬೇಕಾ ಅತ್ತೆ? ಇಲ್ಲಾ ಮನೇಲಿ ಕೊಳೆಸ್ಬೇಕಾ?"

ಮರುದಿನ ಹಾರೆ ತಂದು ರಸ್ತೆ ಕಡೆಯ ಗೋಡೆಯನ್ನು ತಾನೇ ಕೆಡವತೊಡಗಿದಳು. ಅತ್ತೆ ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡು ಶಪಿಸಿದಳು. ಸ್ವಲ್ಪ ಹೊತ್ತಿಗೆ ಚಂದ್ರಮೋಹನ್ ಕುಂಟುತ್ತಾ ಬಂದು, ನೆಲದ ಮೇಲೆ ಕೂತು, ಬಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ನನಗೆ ತಡೆಯಲಾಗಲಿಲ್ಲ, "ಒಬ್ಬ ಆಳನ್ನ ಕರೀಬಾರ್ದೇನಮ್ಮ" ಅಂದೆ.

"ನಿಮ್ಮ ಕ್ರೇಟು ಮತ್ತೆ ಆಚೆ ಬಂದಿದೆ ಶ್ರೀನಿವಾಸಣ್ಣ" ಅಂದಳು. ಇಂಥವಳ ಜೊತೆ ಏನು ಮಾತಾಡುವುದು?

ಗೋಡೆ ಬಿದ್ದರೂ ಕಣಕ್ಕೆ ಯಾರೂ ಬರಲಿಲ್ಲ. ಅವಳು ತೆಗೆದುಕೊಟ್ಟ ಜಾಗಕ್ಕೆ ಹೋದರೆ ಸೋತಂತೆ ಎಂದು ಎಲ್ಲರಿಗೂ ಬಿಗುಮಾನ. ಮತ್ತೆ ರಸ್ತೆಯ ಮೇಲೆಯೇ ಹರವಿದರು. ಈ ಸಲ ಅವಳು ಅಂಚಿಗೆ ತಳ್ಳಲಿಲ್ಲ. ಚನ್ನರಾಯಪ್ಪನ ಹುರುಳಿಯನ್ನು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಒಯ್ದು ಕಣದಲ್ಲಿ ಹರವಿದಳು. ಮೇಘನ ಕಾಲೇಜಿಗೆ ಹೊರಡುವುದರೊಳಗೆ ರಸ್ತೆ ಖಾಲಿ. ಮರುದಿನವೂ ಅದೇ, ಅದರ ಮರುದಿನವೂ ಅದೇ. ತನ್ನ ಬೆಳೆಯ ಹಿಂದೆ ತಾನು ಹೋಗದೆ ಮುದುಕನಿಗೆ ದಾರಿಯಿರಲಿಲ್ಲ. ಗೊಣಗುತ್ತಾ ಟ್ರ್ಯಾಕ್ಟರ್ ತಂದು ಕಣದಲ್ಲಿ ಸುತ್ತು ಹೊಡೆಸಿದ. ಅವನು ಕಣಕ್ಕಿಳಿದ ಮೇಲೆ ಉಳಿದವರೂ ಇಳಿದರು. ಅವಳ ಅಂಗಳದಲ್ಲೇ ನಿಂತು ಅವಳನ್ನೇ ಬೈಯುತ್ತಾ ಒಕ್ಕಿದರು.

ನಮ್ಮಲ್ಲಿ ಕಣದ ಒಡೆಯರಿಗೆ ರಾಶಿಯಿಂದ ಮೊದಲ ಮೊರ ಕಾಳು ಕೊಡುವುದು ವಾಡಿಕೆ. ತೂರಿ ಮುಗಿದ ಮೇಲೆ ಚನ್ನರಾಯಪ್ಪ ಮೊರದ ತುಂಬ ಹುರುಳಿ ತಂದು ಅವಳ ಬಾಗಿಲಲ್ಲಿ ಇಟ್ಟ. ಮುದುಕನಿಗೆ ತಪ್ಪಾಯಿತು ಅನ್ನಲು ಬರುವುದಿಲ್ಲ, ಬರುವುದು ಇಷ್ಟೇ ಎಂದು ನನಗೆ ಅರ್ಥವಾಯಿತು. ಅವಳಿಗೂ ಅರ್ಥವಾಗಿರಬೇಕು. ಚಿಕ್ಕಗಂಗಮ್ಮ ಎತ್ತಿಕೊಳ್ಳಲು ಬಗ್ಗಿದಳು. ಆದಿಲಕ್ಷ್ಮಿ ಮೊರ ಕಿತ್ತುಕೊಂಡು, ನಡೆದು ಹೋಗಿ, ಅವನ ರಾಶಿಯ ಮೇಲೆಯೇ ಸುರಿದಳು.

"ಕಣ ಬಿಟ್ಟಿದ್ದು ನನ್ನ ಮಗಳು ರಸ್ತೇಲಿ ಓಡಾಡ್ಲಿ ಅಂತ ದೊಡ್ಡಮಾವ. ನಿಮ್ಮನ್ನ ಕ್ಷಮಿಸಿದ್ದಕ್ಕಲ್ಲ."

ಖಾಲಿ ಮೊರವನ್ನು ಅವನ ಕೈಗೇ ಕೊಟ್ಟಳು. ಮುದುಕ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಾಳನ್ನು ಮೂಟೆಗೆ ತುಂಬತೊಡಗಿದ.

ಮರುದಿನ ಬೆಳಿಗ್ಗೆ ಮೇಘನ ನನ್ನ ಅಂಗಡಿಯ ಮುಂದೆ ಸೈಕಲ್ಲಿನಲ್ಲಿ ಹೋದಳು. ಬಾಗಿಲಲ್ಲಿ ಪೊರಕೆ ಹಿಡಿದು ನಿಂತ ಅವಳಮ್ಮ ರಸ್ತೆ ನೋಡುತ್ತಿದ್ದಳು. ಹುಡುಗಿ ನೆಲ ನೋಡಲಿಲ್ಲ. ತಲೆ ಎತ್ತಿಕೊಂಡು, ಎದುರು ನೋಡಿಕೊಂಡು ಹೋದಳು.