ಗೆರೆ ಕಾಣದ ಬಾಟಲಿ

ಮಣಿಪಾಲದ ಇಳಿಜಾರಿನಲ್ಲಿ ಬಸ್ಸಿನ ಬ್ರೇಕನ್ನು ಸೀಟಿನಲ್ಲಿ ಕುಳಿತೇ ಒತ್ತುವವನು ನಾನು. ಅಂಥವನ ಹೆಂಡತಿಗೆ ತನ್ನ ತವರು ಎರ್ಮಾಳನ್ನು ಆಕಾಶದಿಂದ ನೋಡುವ ಆಸೆ ಹುಟ್ಟಿತು. ವಿಮಾನ ಅವಳ ಅಣ್ಣನದೇ. ಗಲ್ಫಿನ ಕೆಲಸ ಬಿಟ್ಟು ಬಂದ ಮೇಲೆ ಭಾವ ಹಾರಲು ಕಲಿತು, ಲೈಸೆನ್ಸು ಮಾಡಿಸಿ, ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ಕೊಂಡು ಕಾರ್ಕಳದ ಹತ್ತಿರ ಗೆಳೆಯನ ಬಯಲಿನಲ್ಲಿ ಇಟ್ಟಿದ್ದ.

ನಾವು ಹೋದ ಬೆಳಿಗ್ಗೆ ಅವನು ಟಾರ್ಪಾಲು ಸರಿಸುತ್ತಿದ್ದ. ಹಿಂದಿನ ಎರಡು ದಿನ ಮಳೆ ಸುರಿದಿತ್ತು. ಹೆಂಡತಿ ಹೆಲ್ಮೆಟ್ ಹಾಕಿಕೊಂಡು ಕುಳಿತೇಬಿಟ್ಟಳು. ಭಾವ ಪೆಟ್ರೋಲು ಟ್ಯಾಂಕಿನ ತಳದ ಸಣ್ಣ ನಲ್ಲಿ ತಿರುಗಿಸಿ, ಗಾಜಿನ ಬಾಟಲಿಯೊಂದನ್ನು ತುಂಬಿಸಿ ಬಿಸಿಲಿಗೆ ಹಿಡಿದ.

"ಗೆರೆ ಉಂಟಾ ಭಾವ? ಇಲ್ಲ ಅಲ್ವಾ? ಹಾಗಾದರೆ ನೀರಿಲ್ಲ," ಎಂದ ನನಗೆ ತೋರಿಸುತ್ತಾ. ಅವನಿಗೆ ನಾನೂ ಭಾವನೇ.

ಇದು ಅವನು ತಂದೆಯ ಎಂಜಿನ್ ದೋಣಿಯಲ್ಲಿ ಕಲಿತದ್ದು. ನೀರು ತಳಕ್ಕೆ ಇಳಿಯುತ್ತದೆ, ಪೆಟ್ರೋಲು ಮೇಲೆ ನಿಲ್ಲುತ್ತದೆ, ನಡುವೆ ಗೆರೆ ಕಾಣುತ್ತದೆ.

"ನೀರಿದ್ದರೆ ಎಂತ ಆಗ್ತದೆ?" ನಾನು ಕೇಳಿದೆ.

"ಎಂಜಿನ್ ನಿಲ್ತದೆ."

"ದೋಣಿಯಾದರೆ ಹುಟ್ಟು ಹಾಕಬಹುದು. ಇದಕ್ಕೆ?"

"ನೀವು ಕೆಳಗೆ ನಿಂತು ಹೆದರಿದರೆ ಸಾಕು ಮಾರಾಯ್ರೆ," ಹೆಂಡತಿ ಸೀಟಿನಿಂದಲೇ ಕೂಗಿದಳು. "ಆ ಬಲಕ್ಕೇ ತೇಲ್ತದೆ!"

ಹೆದರಿಕೆಗಿಂತ ಈಗ ಕುತೂಹಲವೇ ಹೆಚ್ಚಾಯಿತು. ಆ ಗೆರೆ ಹೇಗಿರುತ್ತದೋ ನೋಡಬೇಕಿತ್ತು. ಅವನ ಕೈಯಿಂದ ಬಾಟಲಿ ಇಸಿದುಕೊಂಡು ಕುಡಿಯುವ ನೀರನ್ನು ಎರಡು ಹನಿ ಅದಕ್ಕೆ ಬಿಟ್ಟೆ. ಕಾಣಿಸಲಿಲ್ಲ. ಇನ್ನಷ್ಟು ಹುಯ್ದೆ. ಆಗಲೂ ಗೆರೆಯಿಲ್ಲ, ಗುಳ್ಳೆಯಿಲ್ಲ.

"ನಾನು ಹಾಕಿದ ನೀರು ಎಲ್ಲಿ ಹೋಯಿತು ಭಾವ?"

ಭಾವ ನಗುತ್ತಲೇ ಬಾಟಲಿ ತೆಗೆದುಕೊಂಡ. ನಗು ಅಲ್ಲಿಗೇ ನಿಂತಿತು. ನೀರು ನೀರಿನಲ್ಲಿ ಸೇರಿಹೋಗಿತ್ತು. ಬಾಟಲಿಯಲ್ಲಿ ಪೆಟ್ರೋಲೇ ಇರಲಿಲ್ಲ, ಗೆರೆ ಎಲ್ಲಿಂದ ಬರಬೇಕು? ಈಗಿನ ಪೆಟ್ರೋಲಿಗೆ ಬೆರೆಸಿದ ಸ್ಪಿರಿಟು ಕೂಡ ನೀರು ಕಂಡರೆ ಅದರ ಜೊತೆ ತಳಕ್ಕಿಳಿಯುತ್ತದಂತೆ. ಹಾಗಾಗಿ ಆ ನೀರಿಗೂ ಪೆಟ್ರೋಲಿನಂಥ ವಾಸನೆ ಬಂದು ಮೋಸ ಮಾಡಿತ್ತು. ದೋಣಿಗೆ ಒಯ್ಯುವ ಪೆಟ್ರೋಲು ಕ್ಯಾನು ದಾರಿಯುದ್ದಕ್ಕೂ ಕುಲುಕುತ್ತದೆ, ಬಾಟಲಿಗೆ ನೀರು, ಪೆಟ್ರೋಲು ಎರಡೂ ಬರುತ್ತವೆ. ಈ ಟ್ಯಾಂಕಾದರೋ ಎರಡು ದಿನ ಅಲುಗದೆ ನಿಂತು, ನೀರೆಲ್ಲ ತಳಕ್ಕೆ ಸೇರಿತ್ತು. ಮುಚ್ಚಳದ ರಬ್ಬರು ಒಡೆದು ಮಳೆನೀರು ಒಳಗಿಳಿದಿದ್ದನ್ನು ಆಮೇಲೆ ನೋಡಿದೆವು.

"ನೀನು ಇಳಿ," ಎಂದ ಭಾವ ತಂಗಿಗೆ. ತನಗೇ ನಂಬಿಕೆ ಬರಲೆಂದೋ ಏನೋ, ಚಕ್ರಗಳಿಗೆ ಕಲ್ಲು ಕೊಟ್ಟು ಎಂಜಿನ್ ಚಾಲೂ ಮಾಡಿದ. ಅದು ಚೆನ್ನಾಗಿಯೇ ಓಡಿತು. ನನ್ನ ಬಾಟಲಿ ಪ್ರಯೋಗಕ್ಕೆ ನಾನೇ ನಾಚಿಕೊಳ್ಳುವಷ್ಟು ಹೊತ್ತು ಓಡಿತು. ಆಮೇಲೆ ಎರಡು ಸಲ ಕೆಮ್ಮಿ ಸತ್ತಿತು.

"ಓಡಿದ್ದು ಪೈಪಿನಲ್ಲಿ ಉಳಿದಿದ್ದ ಒಳ್ಳೆಯ ಪೆಟ್ರೋಲಿನಿಂದ, ಅಷ್ಟೇ," ಎಂದ ಭಾವ.

ಹಾರಿದ್ದರೆ ಅಷ್ಟು ಹೊತ್ತಿಗೆ ಅವರಿಬ್ಬರೂ ಬಯಲಿನಾಚೆಯ ಮರಗಳ ಮೇಲಿರುತ್ತಿದ್ದರು. ಮೂವರೂ ಆ ಮರಗಳನ್ನು ನೋಡಿದೆವು.

ಹೆಂಡತಿ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡಳು. "ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ರಬ್ಬರ್ ಬದಲಿಸು ಅಣ್ಣ. ಮುಂದಿನ ವಾರ ಹೋಗುವ. ಇವರು ನೀರು ಹಾಕಿ ನೋಡಿದ ಮೇಲೆ."

ಇನ್ನು ಮೇಲೆ ಆಸೆ ಬಿಡುತ್ತಾಳೆಂದುಕೊಂಡಿದ್ದೆ. ಬಿಡಲಿಲ್ಲ, ತನ್ನ ಜೀವವನ್ನು ನನ್ನ ಎರಡು ಹನಿ ನೀರಿಗೆ ಒಪ್ಪಿಸಿಬಿಟ್ಟಳು. ಆ ವಾರವಿಡೀ ನನಗೆ ನಿದ್ದೆಯಿಲ್ಲ.